ಎದೆಯೊಳಗಿನ ಕದಗಳು

“ನಿನ್ನೆ ಸಂಜೀತನಾ ಛಲೋ ಇದ್ದ. ತೊಗರಿ ರಾಶಿ ಮುಗಿಸಿ ಬಂದು, ಎರಡು ರೊಟ್ಟಿ ಉಂಡು, ಕಟ್ಟಿ ಮ್ಯಾಲ ಕುಂತು ಮಾತಾಡಿದ. ಬೆಳಗಾಗೂದ್ರಾಗ ಇಲ್ಲ!”

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆ ನಿಂತವರ ಬಾಯಿಂದ ಈ ಬಗೆಯ ಮಾತು ಬರುವುದುಂಟು. ಅದರ ಬೆನ್ನಿಗೇ ಹಿರಿಯರೊಬ್ಬರು “ಹಣೆಬರಹ” ಎನ್ನುತ್ತಾರೆ. ಓದಿದವರೊಬ್ಬರು “ಹಾರ್ಟ್ ಅಟ್ಯಾಕ್” ಎನ್ನುತ್ತಾರೆ. ಎರಡೂ ಮಾತುಗಳು ವಿಚಾರವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ಸತ್ತವನಿಗೆ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತೇ? ಇಳಿಜಾರು ಹತ್ತುವಾಗ ದಮ್ಮು ಹತ್ತುತ್ತಿತ್ತೇ? ಎಂದಾದರೂ ಕಣ್ಣು ಕತ್ತಲಿಟ್ಟು ಬಿದ್ದಿದ್ದನೇ? ಇವನ್ನು ಕೇಳುವವರಿಲ್ಲ. ಕೇಳಿದ್ದರೆ, ಆ ಸಾವು ನಿನ್ನೆ ಸಂಜೆ ಹೊರಟದ್ದಲ್ಲ, ಇಪ್ಪತ್ತು ವರ್ಷದ ಹಿಂದೆಯೇ ಹೊರಟು ನಡೆದು ಬಂದದ್ದು ಎಂದು ಕೆಲವೊಮ್ಮೆಯಾದರೂ ತಿಳಿದೀತು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಹಠಾತ್ತಾಗಿ ಹೃದಯ ನಿಂತು ಸಾಯುವ ವಯಸ್ಕರಲ್ಲಿ ಹೆಚ್ಚಿನವರು ಹೃದಯಕ್ಕೆ ರಕ್ತವೊಯ್ಯುವ ನಾಳಗಳು ಕಟ್ಟಿಕೊಂಡವರು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ ೪೬ನೆಯ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ಮೇಲೆ ನಮ್ಮ ನಾಡಿನಲ್ಲಿ ಈ ವಿಷಯವಾಗಿ ಬೇಕಾದಷ್ಟು ಚರ್ಚೆ ನಡೆಯಿತು. ಆದರೆ ನಾಳಗಳಲ್ಲದೆ ಹೃದಯದ ಕವಾಟಗಳೂ ಕೆಡುತ್ತವೆಂಬುದನ್ನು ಮಾತಾಡುವವರು ಕಡಿಮೆ. ನಾಳದ ರೋಗ ನಡುವಯಸ್ಸು ದಾಟಿದವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ನಮ್ಮ ದೇಶದ ಕವಾಟದ ರೋಗವಾದರೋ ಬಡವರ ಮನೆಯ ಮಕ್ಕಳನ್ನೂ ಹರೆಯದ ಹೆಂಗಸರನ್ನೂ ಹುಡುಕಿಕೊಂಡು ಬರುತ್ತದೆ. ಅದನ್ನು ತಡೆಯಬಹುದೆಂಬ ಕಾರಣಕ್ಕೇ ಈ ವಾರ ಅದರ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಕಟ್ಟಿರುವ ಬ್ಯಾರೇಜನ್ನು ನೋಡಿದವರಿಗೆ ಕವಾಟದ ಕೆಲಸವನ್ನು ತಿಳಿಸುವುದು ಸುಲಭ. ಗೇಟು ತೆರೆಯಬೇಕಾದಾಗ ಪೂರ್ತಿ ತೆರೆಯಬೇಕು. ಮುಚ್ಚಬೇಕಾದಾಗ ಬಿರುಕಿಲ್ಲದಂತೆ ಮುಚ್ಚಬೇಕು. ತೆರೆಯದೆ ಹೋದರೆ ನೀರು ಮೇಲ್ಗಡೆಯ ಹೊಲಗಳಿಗೆ ನುಗ್ಗುತ್ತದೆ, ಕೆಳಗಿನವರಿಗೆ ಸಾಲುವುದಿಲ್ಲ. ಮುಚ್ಚದೆ ಹೋದರೆ ಹಿಡಿದಿಟ್ಟ ನೀರು ನಿಲ್ಲುವುದಿಲ್ಲ. ನಮ್ಮ ಹೃದಯದಲ್ಲಿಯೂ ಇಂತಹ ನಾಲ್ಕು ಕದಗಳಿವೆ. ‘ಕವಾಟ’ವೆಂದರೆ ಕದವೆಂದೇ ಅರ್ಥವಲ್ಲವೆ? ನಿಮಿಷಕ್ಕೆ ೭೦ ಬಡಿತವೆಂದು ಹಿಡಿದರೂ ಈ ಕದಗಳು ದಿನಕ್ಕೆ ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ಮನುಷ್ಯ ಮಾಡಿದ ಯಾವ ಬಾಗಿಲಿಗೂ ಇಷ್ಟು ದುಡಿಮೆಯಿಲ್ಲ.

ನಾಲ್ಕರಲ್ಲಿ ಎಡಗಡೆಯ ಎರಡು ಹೆಚ್ಚಾಗಿ ಕೆಡುವಂಥವು. ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತ ಎಡ ಹೃತ್ಕರ್ಣದಿಂದ ಎಡ ಹೃತ್ಕುಕ್ಷಿಗೆ ಇಳಿಯುವಲ್ಲಿ ದ್ವಿದಳ ಕವಾಟವಿದೆ. ವೈದ್ಯರು ಇದನ್ನು ಮೈಟ್ರಲ್ ಕವಾಟವೆನ್ನುತ್ತಾರೆ. ಹೃತ್ಕುಕ್ಷಿಯಿಂದ ರಕ್ತ ದೇಹಕ್ಕೆಲ್ಲ ಹೊರಡುವಲ್ಲಿ ಮಹಾಧಮನಿಯ ಕವಾಟವಿದೆ. ಆರೋಗ್ಯವಂತರ ದ್ವಿದಳ ಕವಾಟ ತೆರೆದಾಗ ೪ರಿಂದ ೬ ಚದರ ಸೆಂಟಿಮೀಟರ್ ದಾರಿಯಾಗುತ್ತದೆ. ರೋಗದಿಂದ ಅದು ಒಂದೂವರೆಗೂ ಇಳಿದರೆ ರಕ್ತ ಶ್ವಾಸಕೋಶದಲ್ಲಿಯೇ ಒತ್ತಿ ನಿಲ್ಲುತ್ತದೆ. ಆಗ ಬರುವುದೇ ಏದುಸಿರು.

ಈ ಕದಗಳನ್ನು ಕೆಡಿಸುವುದು ಯಾವುದು? ಸಾಮಾನ್ಯ ಗಂಟಲು ನೋವು ಎಂದರೆ ನಂಬುವುದು ಕಷ್ಟ. ಆದರೆ ಮಾತು ನಿಜ. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣು ೫ರಿಂದ ೧೫ ವರ್ಷದ ಮಕ್ಕಳ ಗಂಟಲಿಗೆ ತಗುಲುವುದು ಹೆಚ್ಚು. ಅದನ್ನು ಕೊಲ್ಲಲು ಹೊರಟ ದೇಹದ ಕಾವಲುಪಡೆ ಕೆಲವು ಮಕ್ಕಳಲ್ಲಿ ಮೋಸಹೋಗುತ್ತದೆ. ಸೂಕ್ಷ್ಮಾಣುವಿನ ಮೈಗೂ ಹೃದಯದ ಅಂಗಾಂಶಕ್ಕೂ ಇರುವ ಹೋಲಿಕೆಯಿಂದಾಗಿ ಕಳ್ಳನೆಂದು ಬಗೆದು ಮನೆಯವನನ್ನೇ ಹೊಡೆಯುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರಗಳಾದ ಮೇಲೆ ಜ್ವರ ಬರುತ್ತದೆ. ಇವತ್ತು ಮೊಳಕಾಲು, ನಾಳೆ ಹರಡು, ನಾಡಿದ್ದು ಮೊಳಕೈ ಎಂದು ಕೀಲುಗಳು ಒಂದೊಂದಾಗಿ ಬಾತು ನೋಯುತ್ತವೆ. ಇದೇ ಕೀಲುವಾತ ಜ್ವರ. ಕೀಲಿನ ನೋವು ಗುರುತುಳಿಯದಂತೆ ಹೋಗುತ್ತದೆ. ತಾಯಿ ನಿಟ್ಟುಸಿರು ಬಿಡುತ್ತಾಳೆ. ಆದರೆ ಹೃದಯದ ಕವಾಟಕ್ಕೆ ಆದ ಗಾಯ ಹೋಗುವುದಿಲ್ಲ. ಮತ್ತೊಮ್ಮೆ ಗಂಟಲು ನೋವು, ಮತ್ತೊಮ್ಮೆ ಗಾಯ. ಹೀಗೆ ಕದದ ಎಲೆಗಳು ದಪ್ಪಗಾಗಿ, ಅಂಚುಗಳು ಒಂದಕ್ಕೊಂದು ಬೆಸೆದುಕೊಂಡು, ಹರೆಯಕ್ಕೆ ಬರುವಷ್ಟರಲ್ಲಿ ಬಾಗಿಲು ಕಿಂಡಿಯಾಗಿಬಿಡುತ್ತದೆ.

ಈ ರೋಗಕ್ಕೆ ಬಿಸಿಲು ನಾಡು, ತಂಪು ನಾಡು ಎಂಬ ಭೇದವಿಲ್ಲ. ಕಿಕ್ಕಿರಿದ ಮನೆ ಬೇಕು, ಅಷ್ಟೇ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವಲ್ಲಿ ಒಬ್ಬರ ಗಂಟಲಿನದು ಇನ್ನೊಬ್ಬರಿಗೆ ದಾಟುತ್ತದೆ. ಅಮೆರಿಕದ ಬೋಸ್ಟನ್ ನಗರದಲ್ಲಿಯೂ ಒಂದು ಕಾಲಕ್ಕೆ ಇಂತಹ ಮಕ್ಕಳಿಂದಲೇ ತುಂಬಿದ ಆಸ್ಪತ್ರೆಯಿತ್ತು. ಅಲ್ಲಿನ ವೈದ್ಯ ಡಕೆಟ್ ಜೋನ್ಸ್ ೧೯೪೪ರಲ್ಲಿ ಈ ಜ್ವರವನ್ನು ಗುರುತಿಸುವ ಲಕ್ಷಣಗಳನ್ನು ಕ್ರಮಪಡಿಸಿಕೊಟ್ಟ. ಇಂದಿಗೂ ವೈದ್ಯರು ಅದರ ತಿದ್ದಿದ ರೂಪವನ್ನೇ ಬಳಸುತ್ತಾರೆ. ಮನೆಗಳು ವಿಶಾಲವಾದಂತೆ, ಪೆನಿಸಿಲಿನ್ ಕೈಗೆ ಸಿಕ್ಕಂತೆ ಸಿರಿವಂತ ದೇಶಗಳಲ್ಲಿ ರೋಗ ಬಹುಮಟ್ಟಿಗೆ ಮಾಯವಾಯಿತು. ಲೋಕದಲ್ಲಿ ಇಂದು ಇದರಿಂದ ನರಳುವವರು ನಾಲ್ಕು ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಬಡ ದೇಶಗಳವರೇ. ೨೦೧೮ರಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗದ ತಡೆಗಾಗಿಯೇ ಒಂದು ನಿರ್ಣಯ ಕೈಗೊಂಡಿತು.

ತಡೆಯುವ ಉಪಾಯವೇನೂ ದೊಡ್ಡದಲ್ಲ. ಸ್ಟ್ರೆಪ್ಟೊಕಾಕಸ್ ಗಂಟಲು ನೋವಿಗೆ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಚಿಕಿತ್ಸೆ ಕೊಟ್ಟರೆ ಕೀಲುವಾತ ಜ್ವರವನ್ನು ತಡೆಯಬಹುದು. ಜ್ವರ ಒಮ್ಮೆ ಬಂದುಹೋದ ಮಗುವಿಗೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು: ದೊಡ್ಡವರಿಗೆ ೧೨ ಲಕ್ಷ ಯೂನಿಟ್ಟು, ಎಳೆಯರಿಗೆ ಅದರ ಅರ್ಧ. ಹೃದಯ ಕೆಡದಿದ್ದರೆ ಕನಿಷ್ಠ ೫ ವರ್ಷ ಅಥವಾ ೨೧ನೆಯ ವಯಸ್ಸಿನವರೆಗೆ. ಕವಾಟ ಕೆಟ್ಟಿದ್ದರೆ ಕನಿಷ್ಠ ೧೦ ವರ್ಷ, ಅನೇಕರಿಗೆ ೪೦ನೆಯ ವಯಸ್ಸಿನವರೆಗೆ. ಎರಡರಲ್ಲಿ ಯಾವುದು ದೀರ್ಘವೋ ಅದು. ಇದರಿಂದ ಫಲವುಂಟೇ ಎಂದು ಕೇಳುವವರಿಗೆ ಉಗಾಂಡಾ ದೇಶದಲ್ಲಿ ನಡೆದು ೨೦೨೧ರ ಕೊನೆಯಲ್ಲಿ ಪ್ರಕಟವಾದ ಪ್ರಯೋಗವೇ ಉತ್ತರ. ಕವಾಟದಲ್ಲಿ ರೋಗದ ಮೊದಲ ಗುರುತು ಮಾತ್ರ ಕಂಡಿದ್ದ ಸುಮಾರು ೮೦೦ ಮಕ್ಕಳನ್ನು ಎರಡು ಗುಂಪು ಮಾಡಿದರು. ಎರಡು ವರ್ಷದ ಮೇಲೆ ನೋಡಿದಾಗ ಚುಚ್ಚುಮದ್ದು ಪಡೆದವರಲ್ಲಿ ರೋಗ ಬೆಳೆದದ್ದು ೩ ಮಕ್ಕಳಲ್ಲಿ. ಪಡೆಯದವರಲ್ಲಿ ೩೩ ಮಕ್ಕಳಲ್ಲಿ.

ಔಷಧಿ ಅಗ್ಗ, ಲೆಕ್ಕ ಸ್ಪಷ್ಟ. ಆದರೂ ಬಾಳು ಲೆಕ್ಕದಂತೆ ನಡೆಯಬೇಕಲ್ಲ! ಸುಗ್ಗಿ ಮುಗಿದ ಮೇಲೆ ನಮ್ಮ ಈ ತಾಲ್ಲೂಕುಗಳಿಂದ ಎಷ್ಟೋ ಸಂಸಾರಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೊರಡುತ್ತವೆ. ಗಂಟುಮೂಟೆಯೊಡನೆ ಮಗುವೂ ಹೊರಡುತ್ತದೆ; ಇಪ್ಪತ್ತೊಂದು ದಿನದ ಚೀಟಿ ಊರಿನ ಗೂಡಿನಲ್ಲಿಯೇ ಉಳಿಯುತ್ತದೆ. ಚುಚ್ಚಿದ ಜಾಗ ಎರಡು ದಿನ ನೋಯುವುದರಿಂದ ಮಗು ಅಳುತ್ತದೆ, ಅಜ್ಜಿಯ ಕರುಳು ಕರಗುತ್ತದೆ: “ಈಗೇನ್ ಆಗ್ಯಾದ ಕೂಸಿಗಿ? ಆಡಕೋತ ಅದ, ಬಿಡ್ರಿ.”

ಹೆಣ್ಣುಮಗುವಾದರೆ ಇನ್ನೂ ಒಂದು ತೊಡಕು. ಹದಿನೇಳು ಹದಿನೆಂಟಾಗುತ್ತಲೇ ವರ ಹುಡುಕುವ ಮಾತು ಬರುತ್ತದೆ. ತಿಂಗಳು ತಿಂಗಳು ದವಾಖಾನೆಗೆ ಹೋಗುವ ಹುಡುಗಿ ಎಂದರೆ ಕೇಳಲು ಬಂದವರು ಹಿಂದಿರುಗಿಯಾರೆಂದು ಮನೆಯವರು ಚುಚ್ಚುಮದ್ದನ್ನು ಸದ್ದಿಲ್ಲದೆ ನಿಲ್ಲಿಸುವುದುಂಟು. ಮದುವೆಯಾಗುತ್ತದೆ, ಬಸುರು ನಿಲ್ಲುತ್ತದೆ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಮೊದಲಿನದರ ಮೇಲೆ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ನಾಡಿ ವೇಗಗೊಳ್ಳುತ್ತದೆ. ಕಿಂಡಿಯಾದ ಕವಾಟದಲ್ಲಿ ಇಷ್ಟು ರಕ್ತ ಹಾಯುವುದೆಂತು? ಏಳನೆಯ ಎಂಟನೆಯ ತಿಂಗಳಲ್ಲಿ ಮಲಗಿದರೆ ಉಸಿರಿಲ್ಲ, ಎದ್ದು ಕುಳಿತರೆ ಮಾತ್ರ ಉಸಿರು. “ಬಸುರಿಗಿ ದಮ್ಮು ಇದ್ದದ್ದೇ” ಎಂದು ಅತ್ತೆ ಸಮಾಧಾನ ಹೇಳುತ್ತಾಳೆ. ಹೆರಿಗೆಯ ರಾತ್ರಿ ಶ್ವಾಸಕೋಶ ತುಂಬಿಕೊಂಡು ಅನಾಹುತವಾದರೆ, ಮುಚ್ಚಿಟ್ಟ ಸುದ್ದಿ ಅಂದು ಹೊರಬೀಳುತ್ತದೆ. ದ್ವಿದಳ ಕವಾಟದ ಸಂಕೋಚ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂಬುದನ್ನು ಇದರೊಡನೆ ನೆನೆಯಬೇಕು. ಒಂದು ಮದುವೆಯ ಮಾತಿಗಾಗಿ ಮಗಳ ಪ್ರಾಣವನ್ನೇ ಪಣಕ್ಕಿಡುವುದು ಯಾವ ಜಾಣತನ? ಕವಾಟ ಕೆಟ್ಟವರಿಗೆ ಮದುವೆಯೂ ಮಕ್ಕಳೂ ಆಗಬಾರದೆಂದಿಲ್ಲ. ಮೊದಲು ಪರೀಕ್ಷೆ ಮಾಡಿಸಿ, ಬೇಕಾದರೆ ಕವಾಟವನ್ನು ಸರಿಪಡಿಸಿಕೊಂಡು ಬಸುರಾದವರು ಎಷ್ಟೋ ಮಂದಿ ಸುಖವಾಗಿ ಹೆತ್ತಿದ್ದಾರೆ.

ಇನ್ನು ಹಠಾತ್ ಸಾವಿನ ವಿಚಾರ. ಕೆಟ್ಟ ಕವಾಟಗಳೆಲ್ಲ ಒಂದೇ ರೀತಿ ಕೊಲ್ಲುವುದಿಲ್ಲ. ಇದ್ದಕ್ಕಿದ್ದಂತೆ ಕೊಲ್ಲುವುದರಲ್ಲಿ ಮುಖ್ಯವಾದದ್ದು ಮಹಾಧಮನಿಯ ಕವಾಟದ ಸಂಕೋಚ. ಮುಪ್ಪಿನಲ್ಲಿ ಸುಣ್ಣ ಕಟ್ಟಿ ಇದು ಬರಬಹುದು. ನೂರರಲ್ಲಿ ಒಬ್ಬಿಬ್ಬರಿಗೆ ಈ ಕವಾಟ ಹುಟ್ಟುವಾಗಲೇ ಮೂರು ಎಲೆಗಳ ಬದಲು ಎರಡೇ ಎಲೆಗಳದಾಗಿರುತ್ತದೆ. ಅಂಥವರಿಗೆ ಹತ್ತಿಪ್ಪತ್ತು ವರ್ಷ ಮುಂಚೆಯೇ ಬರಬಹುದು. ಕೀಲುವಾತ ಜ್ವರದಿಂದಲೂ ಬರಬಹುದು. ಇದಕ್ಕೆ ಮೂರು ಮುನ್ಸೂಚನೆಗಳುಂಟು: ದುಡಿಯುವಾಗ ಏದುಸಿರು, ಎದೆ ಹಿಂಡುವ ನೋವು, ಮತ್ತು ಚಕ್ಕರ್ ಬಂದು ಬೀಳುವುದು. ಲಕ್ಷಣಗಳು ಕಾಣಿಸದಿರುವಾಗ ಹಠಾತ್ ಸಾವಿನ ಭಯ ವರ್ಷಕ್ಕೆ ನೂರಕ್ಕೆ ಒಬ್ಬರ ಆಸುಪಾಸು. ಲಕ್ಷಣ ಕಾಣಿಸಿದ ಮೇಲೆ ಕವಾಟ ಬದಲಿಸದಿದ್ದರೆ ಸರಾಸರಿ ಆಯುಸ್ಸು ೨ರಿಂದ ೫ ವರ್ಷವೆಂದು ಅಮೆರಿಕದ ರಾಸ್ ಮತ್ತು ಬ್ರೌನ್‌ವಾಲ್ಡ್ ೧೯೬೮ರಲ್ಲಿಯೇ ತೋರಿಸಿದರು. ಆದುದರಿಂದ ಕಬ್ಬು ಕಡಿಯುವಾಗ, ಹೊರೆ ಹೊತ್ತಾಗ, ಓಡುವಾಗ ಪ್ರಜ್ಞೆ ತಪ್ಪಿ ಬಿದ್ದವನನ್ನು “ಬಿಸಿಲು ಬಡಿಯಿತು” ಎಂದು ನೀರು ಕುಡಿಸಿ ಕಳಿಸಬಾರದು. ನಮ್ಮ ಬೇಸಿಗೆಯಲ್ಲಿ ಬಿಸಿಲೂ ಬಡಿಯುತ್ತದೆ, ನಿಜ. ಆದರೆ ದುಡಿಯುತ್ತಿರುವಾಗಲೇ ಬಿದ್ದವನ ಹೃದಯವನ್ನು ಒಮ್ಮೆ ಪರೀಕ್ಷಿಸಲೇಬೇಕು.

ದ್ವಿದಳ ಕವಾಟದ ಸಂಕೋಚ ಕೊಲ್ಲುವ ರೀತಿ ಬೇರೆ. ಹೃತ್ಕರ್ಣ ಹಿಗ್ಗಿ ತಾಳ ತಪ್ಪುತ್ತದೆ. “ಎದಿ ಝಲ್ಲ ಅಂತದ” ಎಂದು ರೋಗಿ ಹೇಳುತ್ತಾನೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಒಂದು ಚೂರು ಮಿದುಳಿಗೆ ಹಾರಿದರೆ ಪಾರ್ಶ್ವವಾಯು. ಮೂವತ್ತರ ಹೆಂಗಸಿಗೆ ಲಕ್ವ ಹೊಡೆದರೆ ಅವಳ ಹೃದಯವನ್ನು ನೋಡದೆ ಬಿಡಬಾರದೆಂಬುದು ಇದಕ್ಕಾಗಿ.

ಮೂರನೆಯದು ಕವಾಟದ ಜೋಲು. ದ್ವಿದಳ ಕವಾಟದ ಎಲೆ ಸಡಿಲವಾಗಿ ಹಿಂದಕ್ಕೆ ಉಬ್ಬುವ ಈ ದೋಷ ನೂರರಲ್ಲಿ ಎರಡು ಮೂರು ಜನರಿಗಿದೆ. ವೈದ್ಯರ ಚೀಟಿಯಲ್ಲಿ ಇದನ್ನು ಓದಿ ನಿದ್ದೆಗೆಟ್ಟವರುಂಟು. ಅವರಿಗೆ ನಾವು ಹೇಳುವುದು ಧೈರ್ಯದ ಮಾತೇ: ಬಹುಪಾಲು ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಮೂರ್ಛೆ ಬಂದಿದ್ದರೆ, ಎದೆಬಡಿತ ಪದೇ ಪದೇ ತಾಳ ತಪ್ಪುತ್ತಿದ್ದರೆ, ರಕ್ತ ಬಹಳವಾಗಿ ಹಿಂದಕ್ಕೆ ಸೋರುತ್ತಿದ್ದರೆ, ಅಥವಾ ಮನೆತನದಲ್ಲಿ ಎಳೆವಯಸ್ಸಿನ ಹಠಾತ್ ಸಾವು ನಡೆದಿದ್ದರೆ ಹೃದಯತಜ್ಞರ ಕಣ್ಣಿನಲ್ಲಿರಬೇಕು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಬೇಕಾಗಿದೆ. “ಇಸಿಜಿ ತೆಗೆಸೀನಿ, ನಾರ್ಮಲ್ ಅದ” ಎಂದು ಕಾಗದವನ್ನು ಮಡಿಚಿಟ್ಟು ನಿಶ್ಚಿಂತರಾಗುವವರಿದ್ದಾರೆ. ಇಸಿಜಿ ಹೃದಯದ ವಿದ್ಯುತ್ತಿನ ಚಿತ್ರ. ಕದ ಹೇಗೆ ತೆರೆಯುತ್ತಿದೆ ಎಂಬುದನ್ನು ಅದು ತೋರಿಸಲಾರದು. ಕವಾಟದ ದೋಷ ಮೊದಲು ಸಿಗುವುದು ವೈದ್ಯನ ಕಿವಿಗೆ. ೧೮೧೬ರಲ್ಲಿ ಪ್ಯಾರಿಸಿನ ಲೆನೆಕ್, ತರುಣಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಕೇಳಿದ, ಸ್ಟೆತಾಸ್ಕೋಪು ಹುಟ್ಟಿತು. ಇಕ್ಕಟ್ಟಿನ ಕಂಡಿಯಲ್ಲಿ ನುಗ್ಗುವ ನೀರು ಸದ್ದು ಮಾಡುವಂತೆ ಕೆಟ್ಟ ಕವಾಟದಲ್ಲಿ ನುಗ್ಗುವ ರಕ್ತ ಮರ್ಮರ ಶಬ್ದ ಮಾಡುತ್ತದೆ. ಅದನ್ನು ಕಣ್ಣಿಗೆ ತೋರಿಸುವುದು ಎಕೋ ಪರೀಕ್ಷೆ. ೧೯೫೩ರಲ್ಲಿ ಸ್ವೀಡನ್ನಿನ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಇದನ್ನು ಆರಂಭಿಸಿದರು. ಎಡ್ಲರನಿಗೆ ಬೇಕಾಗಿದ್ದುದು ಶಸ್ತ್ರಕ್ರಿಯೆಗೆ ಮುಂಚೆ ದ್ವಿದಳ ಕವಾಟದ ಸ್ಥಿತಿಯನ್ನು ಅರಿಯುವುದೇ ಆಗಿತ್ತು. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ.

ದೋಷ ಸಿಕ್ಕಿದರೆ ಉಪಾಯಗಳೂ ಉಂಟು. ೧೯೨೫ರಲ್ಲಿ ಲಂಡನ್ನಿನ ಸೌಟರ್ ಎಂಬ ಶಸ್ತ್ರವೈದ್ಯ ಹುಡುಗಿಯೊಬ್ಬಳ ಬಡಿಯುವ ಹೃದಯದೊಳಕ್ಕೆ ಬೆರಳು ತೂರಿಸಿ ಕವಾಟವನ್ನು ಬಿಡಿಸಿದ. ಹುಡುಗಿ ಬದುಕಿದಳು, ಆದರೂ ಇಂತಹ ಇನ್ನೊಬ್ಬ ರೋಗಿಯನ್ನು ಅವನ ಬಳಿಗೆ ಯಾರೂ ಕಳಿಸಲಿಲ್ಲ! ಇಂದು ಎದೆ ಸೀಳಬೇಕಾಗಿಲ್ಲ. ಜಪಾನಿನ ಇನೌಯೆ ೧೯೮೨ರಲ್ಲಿ ಮೊದಲು ಮಾಡಿತೋರಿಸಿದಂತೆ, ತೊಡೆಯ ನಾಳದಿಂದ ಒಯ್ದ ಬಲೂನನ್ನು ಕವಾಟದಲ್ಲಿ ಉಬ್ಬಿಸಿ ಬೆಸೆದ ಅಂಚುಗಳನ್ನು ಬಿಡಿಸುತ್ತಾರೆ. ನಮ್ಮ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನು ಚಿಕಿತ್ಸೆಗೆ ಹೆಸರಾದದ್ದು.

ಕವಾಟವನ್ನೇ ಬದಲಿಸಬೇಕಾದರೆ ೧೯೬೦ರಿಂದ ಕೃತಕ ಕವಾಟಗಳಿವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಮೂರು ಮಾದರಿಗಳಲ್ಲಿ ಸೋತು, ನಾಲ್ಕನೆಯದರಲ್ಲಿ ಗೆದ್ದು, ೧೯೯೦ರ ಡಿಸೆಂಬರಿನಲ್ಲಿ ಭಾರತದ್ದೇ ಆದ ಕವಾಟವನ್ನು ಮೊದಲ ರೋಗಿಗೆ ತೊಡಿಸಿದರು. ವಿದೇಶದ ಕವಾಟ ಕೊಳ್ಳಲಾರದ ಬಡವರಿಗೆ ಇದು ದೊಡ್ಡ ಉಪಕಾರವಾಯಿತು. ಡಾ. ವಲಿಯತ್ತಾನ್ ತಮ್ಮ ಕೊನೆಯ ವರ್ಷಗಳನ್ನು ನಮ್ಮ ಮಣಿಪಾಲದಲ್ಲಿ ಕಳೆದು ೨೦೨೪ರ ಜುಲೈನಲ್ಲಿ ನಿಧನರಾದರು.

ಲೋಹದ ಕವಾಟ ಧರಿಸಿದವರಿಗೆ ಒಂದು ಕಟ್ಟಳೆಯುಂಟು: ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವವಿರುವ ತನಕ ಬಿಡಬಾರದು. ‘ಈಗ ಆರಾಮ ಇದೀನಿ’ ಎಂದು ಬಿಟ್ಟವರಲ್ಲಿ ಕವಾಟ ಹೆಪ್ಪಿನಿಂದ ಸಿಕ್ಕಿಕೊಂಡು ಕ್ಷಣದಲ್ಲಿ ಅನಾಹುತವಾಗಬಹುದು. ವೈದ್ಯರು ಹೇಳಿದಂತೆ ಐಎನ್ಆರ್ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ನಮ್ಮ ಕಡೆಯ ಪುಂಡಿ ಪಲ್ಯ, ಮೆಂತ್ಯ, ಹಕ್ಕರಿಕಿಯಂತಹ ಸೊಪ್ಪುಗಳಲ್ಲಿರುವ ‘ಕೆ’ ಜೀವಸತ್ವ ಈ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ಒಂದು ವಾರ ಬುಟ್ಟಿತುಂಬ, ಮರುವಾರ ಏನೂ ಇಲ್ಲ ಎಂಬಂತಾಗದೆ ಒಂದೇ ಅಳತೆಯಲ್ಲಿ ಉಣ್ಣಬೇಕು. ಹಲ್ಲು ಕೀಳಿಸುವ ಮುಂಚೆ ಕವಾಟದ ಸಂಗತಿಯನ್ನು ದಂತವೈದ್ಯರಿಗೆ ತಿಳಿಸಬೇಕು. ಬಸುರಿನ ಆಸೆಯುಳ್ಳ ಹೆಂಗಸು ಮಾತ್ರೆಯ ವಿಷಯವನ್ನು ಮುಂಚಿತವಾಗಿಯೇ ವೈದ್ಯರೊಡನೆ ಮಾತಾಡಬೇಕು. ಅದು ಕೂಸಿಗೆ ಕೇಡು ಮಾಡಬಲ್ಲದು.

ಹಣದ ಮಾತೇನು? ಈ ಪ್ರಶ್ನೆಗೆ ನಮ್ಮ ಪ್ರಾಂತ್ಯವೇ ಲೋಕಕ್ಕೆ ಉತ್ತರ ಕೊಟ್ಟಿದೆ. ೨೦೧೦ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿ. ಬಡವರ ಹೃದಯ ಶಸ್ತ್ರಕ್ರಿಯೆಯಂತಹ ದೊಡ್ಡ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಹೊತ್ತಿತು. ಯೋಜನೆಯ ಗಡಿಯ ಈಚೆ ಆಚೆ ಇದ್ದ ಹಳ್ಳಿಗಳನ್ನು ನೀರಜ್ ಸೂದ್ ಮತ್ತು ಸಂಗಡಿಗರು ಹೋಲಿಸಿ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ರೋಗಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಗಡಿಯಾಚೆ ನೂರಕ್ಕೆ ೦.೯೦ ಇದ್ದರೆ ಈಚೆ ೦.೩೨ ಮಾತ್ರ. ಆ ರೋಗಗಳಲ್ಲಿ ಹೃದ್ರೋಗ, ಅರ್ಬುದಗಳೇ ಮುಖ್ಯವಾದವು. ೨೦೧೮ರಿಂದ ಆ ಕೆಲಸವನ್ನು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಮುಂದುವರಿಸಿದೆ. ಕಲಬುರಗಿಯ ಜಯದೇವ ಆಸ್ಪತ್ರೆಗೆ ೨೦೨೪ರ ಡಿಸೆಂಬರಿನಲ್ಲಿ ೩೭೧ ಹಾಸಿಗೆಗಳ ಸ್ವಂತ ಕಟ್ಟಡವಾಯಿತು. ಆಳಂದದಿಂದಲೂ ಜೇವರ್ಗಿಯಿಂದಲೂ ಅದು ಸುಮಾರು ೪೦ ಕಿಲೋಮೀಟರು. ಅಫಜಲಪುರದವರಿಗೆ ತುಸು ದೂರ. ಶಾಲೆಗೆ ಬಂದು ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿಯೂ ಕೀಲುವಾತದ ಹೃದ್ರೋಗ ಸೇರಿದೆ. ಆ ದಿನ ಮಗುವನ್ನು ಹೊಲಕ್ಕೆ ಕಳಿಸದೆ ಶಾಲೆಗೆ ಕಳಿಸಿದರೆ ಸಾಕು.

ಕೊನೆಯದಾಗಿ, ಕಣ್ಣೆದುರಿಗೇ ಒಬ್ಬರು ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಈರುಳ್ಳಿ ಮೂಸಿಸುತ್ತ, ಬಾಯಿಗೆ ನೀರು ಹನಿಸುತ್ತ ಹೊತ್ತು ಕಳೆಯಬಾರದು. ಒಬ್ಬರು ೧೦೮ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಎದೆಯ ನಡುವೆ ೫ರಿಂದ ೬ ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತುತ್ತಿರಲಿ. ದಣಿದರೆ ಮತ್ತೊಬ್ಬರು ಮುಂದುವರಿಸಲಿ. ವಾಹನ ಬರುವ ತನಕ ನಿಲ್ಲಿಸಬಾರದು.

ಆದರೆ ಕೊನೆಯ ಗಳಿಗೆಯ ಈ ಸಾಹಸಕ್ಕಿಂತ ಮೊದಲ ಗಳಿಗೆಯ ಎಚ್ಚರ ಮೇಲು. ನಮ್ಮ ತಾಯಂದಿರು ಮಗುವಿನ ಹಣೆ ಮುಟ್ಟಿ ಜ್ವರ ತಿಳಿಯಬಲ್ಲರು. ಅದರೊಡನೆ ಇನ್ನೊಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಲಿ: ಗಂಟಲು ನೊಂದ ಮಗುವಿಗೆ ಹದಿನೈದಿಪ್ಪತ್ತು ದಿನದ ಮೇಲೆ ಕೀಲು ಬಾತರೆ, ಅದು ಆಟದಲ್ಲಿ ಬಿದ್ದ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಅಂದೇ ವೈದ್ಯರ ಬಳಿಗೆ ಕರೆದೊಯ್ದು “ಎದೆಯನ್ನೂ ಒಮ್ಮೆ ಕೇಳಿ ನೋಡಿರಿ” ಎಂದು ಬಾಯಿಬಿಟ್ಟು ಹೇಳಬೇಕು. ಇಪ್ಪತ್ತು ವರ್ಷದ ಮೇಲೆ ಒಂದು ಮನೆಯ ಮುಂದೆ “ನಿನ್ನೆ ಸಂಜೀತನಾ ಛಲೋ ಇದ್ದ” ಎಂಬ ಮಾತು ಕೇಳಿಬರದಿರುವುದು ಈ ಒಂದು ಮಾತಿನಿಂದಲೂ ಆದೀತು.